ಸೋಮಾರಿಗಳದ್ದಲ್ಲದ 'ಸೋಮಾರಿ ಮಡಿ'

ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಅಂಟಿಕೊಂಡಿರುವ ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಎಂಬ ಬೆಟ್ಟವಿದೆ. ಅದರ ಬುಡದಲ್ಲಿ ಸೂರು ಕಳೆದುಕೊಂಡ ಕಲ್ಲುಮನೆಗಳ ಸಾಲು. ಜನ ಬಿಟ್ಟುಹೋದ ಊರದು. ಇಳಿಹೊತ್ತಿನ ಓರೆ ಬಿಸಿಲು ಬಿದ್ದಾಗ ಮನೆಗಳ ಸುತ್ತಲಿನ ಹುಲ್ಲುನೆಲದಲ್ಲಿ ಬಾಚಣಿಗೆ ಎಳೆದಂತೆ ಏರುತಗ್ಗಿನ ಗೆರೆಗಳು ಕಾಣುತ್ತವೆ. ಒಂದು ಕಾಲಕ್ಕೆ ಆಲೂಗಡ್ಡೆ ಬೆಳೆದ ಮಡಿಗಳವು. ನೇಗಿಲು ಕಾಣದ ಈ ಮಡಿಗಳಿಗೆ ಇಂಗ್ಲಿಷಿನಲ್ಲಿ 'ಲೇಜಿ ಬೆಡ್' ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಸೋಮಾರಿ ಮಡಿ.

ಗಡ್ಡೆ ಇಟ್ಟ ಜಾಗದ ಅಡಿಯ ನೆಲವನ್ನು ಅಗೆಯದೆ ಹಾಗೇ ಬಿಡುತ್ತಾರಲ್ಲ, ಅದಕ್ಕೇ ಈ ಹೆಸರು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಐರಿಷ್ ಭಾಷೆಯಲ್ಲಿ ಇದಕ್ಕಿರುವುದು ಏರಿ ಎಂಬರ್ಥದ ಸಾದಾ ಹೆಸರು. ಸೋಮಾರಿತನದ ಸುಳಿವೂ ಅದರಲ್ಲಿಲ್ಲ. ಕೆಲಸವನ್ನು ದೂರದಿಂದ ನೋಡಿದವರು ಇಟ್ಟ ಹೆಸರು ಪುಸ್ತಕಗಳಲ್ಲಿ ಉಳಿಯಿತು.

ಆ ಕೆಲಸವಾದರೂ ಎಂಥದ್ದು? ಮೊದಲು ಹುಲ್ಲುನೆಲದ ಮೇಲೆ ಮೂರರಿಂದ ಆರು ಅಡಿ ಅಗಲದ ಪಟ್ಟಿಯನ್ನು ಗುರುತಿಸುತ್ತಿದ್ದರು. ಅದರ ಮೇಲೆ ಕೊಟ್ಟಿಗೆ ಗೊಬ್ಬರ, ಸಮುದ್ರ ಹತ್ತಿರವಿದ್ದರೆ ಕಡಲಪಾಚಿ ಹರಡುವುದು. ಕಡಲಪಾಚಿಯನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದವರಲ್ಲಿ ಹೆಂಗಸರೂ ಇದ್ದರು. ಗೊಬ್ಬರದ ಮೇಲೆ ಬಿತ್ತನೆ ಗಡ್ಡೆಯ ಹೋಳುಗಳನ್ನಿಟ್ಟು, ಪಟ್ಟಿಯ ಎರಡೂ ಬದಿಯ ನೆಲವನ್ನು ಹುಲ್ಲುಸಹಿತ ಹೆಂಟೆ ಹೆಂಟೆಯಾಗಿ ಕಡಿದು, ಹುಲ್ಲಿನ ಮುಖ ಕೆಳಗಾಗುವಂತೆ ಗಡ್ಡೆಗಳ ಮೇಲೆ ಮಗುಚುತ್ತಿದ್ದರು. ಕೆಳಗಿನ ಹುಲ್ಲಿಗೆ ಮೇಲಿನ ಹುಲ್ಲು ಮುಖಾಮುಖಿ. ನಡುವೆ ಗೊಬ್ಬರ ಮತ್ತು ಗಡ್ಡೆ. ಎರಡು ಪದರ ಹುಲ್ಲೂ ಕೊಳೆತು ಗೊಬ್ಬರವಾಗುತ್ತಿತ್ತು. ಮಣ್ಣು ತೆಗೆದ ಜಾಗ ತಾನಾಗಿಯೇ ಬಸಿಗಾಲುವೆಯಾಗುತ್ತಿತ್ತು. ಗಿಡ ಮೇಲೆದ್ದಂತೆ ಅದೇ ಕಾಲುವೆಯ ಮಣ್ಣನ್ನು ತೆಗೆದು ಮತ್ತೆ ಮಡಿಗೆ ಏರಿಸಬೇಕು. ಇದಕ್ಕೆಲ್ಲ ಇದ್ದ ಸಲಕರಣೆ ಒಂದೇ: 'ಲಾಯ್' ಎಂಬ ಉದ್ದ ಹಿಡಿಯ ಕಿರಿದಾದ ಸನಿಕೆ. ಅದಕ್ಕೆ ಕಾಲೂರಲು ಒಂದು ಬದಿಗೆ ಮಾತ್ರ ಮೆಟ್ಟು. ಒಂದು ಎಕರೆಯನ್ನು ಹೀಗೆ ಮಗುಚಿದವನನ್ನು ಸೋಮಾರಿ ಎನ್ನಲು ಎದೆಗಾರಿಕೆ ಬೇಕು.

ಮಳೆ ಬಿಡದ, ನೀರು ನಿಲ್ಲುವ, ನೇಗಿಲು ಇಳಿಯದ ಇಳಿಜಾರಿಗೆ ಇದಕ್ಕಿಂತ ಹೊಂದುವ ಉಪಾಯ ಸಿಗುವುದು ಕಷ್ಟ. ಐರ್ಲೆಂಡಿನ ಜಾನಪದ ಬದುಕನ್ನು ಅಧ್ಯಯನ ಮಾಡಿದ ಭೂಗೋಳ ವಿದ್ವಾಂಸ ಎಸ್ಟಿನ್ ಇವಾನ್ಸ್ ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿಯ ಪರವಾಗಿ ಬರೆದರು. ಆಲೂಗಡ್ಡೆ ಬರುವುದಕ್ಕೆ ಮೊದಲೂ ಅಲ್ಲಿ ಏರುಮಡಿಯಲ್ಲಿ ಧಾನ್ಯ ಬೆಳೆಯುವ ರೂಢಿಯಿತ್ತು. ಹೊಸ ಗಡ್ಡೆ ಬಂದು ಹಳೆಯ ಮಡಿಯಲ್ಲಿ ಕೂತಿತು.

ಆ ಗಡ್ಡೆಯ ತವರಿನಲ್ಲೂ ಏರುಮಡಿಯೇ ಇದ್ದದ್ದು ಕುತೂಹಲದ ಸಂಗತಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದ ಟಿಟಿಕಾಕ ಸರೋವರದ ಸುತ್ತ ಕಾಲುವೆಗಳ ನಡುವೆ ಎತ್ತರಿಸಿದ ಹೊಲಗಳ ಕುರುಹುಗಳಿವೆ. 'ವಾರು ವಾರು' ಎಂದು ಅವುಗಳ ಹೆಸರು. ಹಗಲಿನ ಬಿಸಿಲಿಗೆ ಕಾದ ಕಾಲುವೆಯ ನೀರು ರಾತ್ರಿ ಶಾಖ ಬಿಡುತ್ತ ಗಿಡಗಳನ್ನು ಹಿಮದಿಂದ ಕಾಯುತ್ತದೆ. 1980ರ ದಶಕದಲ್ಲಿ ಪುರಾತತ್ವಜ್ಞರು ಪೆರುವಿನ ರೈತರ ಜೊತೆ ಸೇರಿ ಇಂಥ ಕೆಲವು ಹೊಲಗಳನ್ನು ಮತ್ತೆ ಕಟ್ಟಿ ಬೆಳೆ ತೆಗೆದರು. ಐರ್ಲೆಂಡಿನವರು ಇದನ್ನು ಕಂಡವರಲ್ಲ, ಕೇಳಿದವರಲ್ಲ. ನೀರಿನ ಕಾಟವಿರುವ ಎರಡು ದೇಶಗಳ ರೈತರಿಗೆ ಬೇರೆ ಬೇರೆಯಾಗಿ ಹೊಳೆದ ಉಪಾಯ ಅಷ್ಟೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಹೊತ್ತಿಗೆ ಐರ್ಲೆಂಡಿನ ಬಡವರಿಗೆ ಈ ಮಡಿಯೇ ಬದುಕಾಗಿತ್ತು. ಒಳ್ಳೆಯ ಜಮೀನು ಜಮೀನ್ದಾರರದ್ದು. ಅದರಲ್ಲಿ ಬೆಳೆದ ಧಾನ್ಯ, ಸಾಕಿದ ದನ ಗುತ್ತಿಗೆ ತೀರಿಸಲು ಹೋಗುತ್ತಿತ್ತು. ಕೂಲಿಕಾರನಿಗೆ ಉಳಿದದ್ದು ಮನೆಯ ಹಿತ್ತಲು, ಇಲ್ಲವೇ ಒಂದು ಬೆಳೆಯ ಅವಧಿಗೆಂದು ದುಬಾರಿ ಗೇಣಿಗೆ ಪಡೆದ ತುಂಡು ನೆಲ. ಅಷ್ಟರಲ್ಲಿ ಸಂಸಾರದ ಹೊಟ್ಟೆ ತುಂಬಿಸಬಲ್ಲದ್ದು ಆಲೂಗಡ್ಡೆಯೊಂದೇ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ. ಜೊತೆಗೆ ಮಜ್ಜಿಗೆ, ಸಿಕ್ಕರೆ ಮೀನು. ಬಡವರು ಹೆಚ್ಚಾಗಿ ಬೆಳೆಯುತ್ತಿದ್ದದ್ದು 'ಲಂಪರ್' ಎಂಬ ತಳಿ. ರುಚಿ ಸಾಧಾರಣ, ಇಳುವರಿ ಭರ್ಜರಿ.

1845ರ ಶರತ್ಕಾಲದಲ್ಲಿ ಅಂಗಮಾರಿ ರೋಗ ಬಂತು. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರಿಗೆ ಈ ಹೆಸರು ಹೇಳಿದರೆ ಸಾಕು, ಹೆಚ್ಚು ವಿವರಿಸಬೇಕಿಲ್ಲ. ತಂಪು, ತೇವ ಸೇರಿದರೆ ಎಲೆ ಕಪ್ಪಾಗಿ ಹೊಲಕ್ಕೆ ಹೊಲವೇ ಕೊಳೆಯುತ್ತದೆ. ರೋಗದ ಕಣಗಳು ಗಾಳಿಯಲ್ಲಿ ಹಾರಿ, ಮಳೆನೀರಿನೊಂದಿಗೆ ಮಣ್ಣಿಗಿಳಿದು ಗಡ್ಡೆಗೂ ತಗಲುತ್ತವೆ. ಮಡಿಯ ನೀರು ಎಷ್ಟೇ ಚೆನ್ನಾಗಿ ಬಸಿದರೂ ಇದಕ್ಕೆ ತಡೆಯಿರಲಿಲ್ಲ. ಗಡ್ಡೆಯಿಂದ ಗಡ್ಡೆಗೆ ಬೆಳೆದ ಲಂಪರ್ ಗಿಡಗಳೆಲ್ಲ ಒಂದೇ ಗುಣದವು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಪ್ರಕಟವಾದದ್ದು 1885ರಲ್ಲಿ, ನಲವತ್ತು ವರ್ಷ ತಡವಾಗಿ.

1841ರಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆ 1851ರ ಗಣತಿಯಲ್ಲಿ 65 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಸಿವು ಮತ್ತು ಜ್ವರಗಳಿಗೆ ಸುಮಾರು ಹತ್ತು ಲಕ್ಷ ಮಂದಿ ಬಲಿಯಾದರು. ಅಷ್ಟೇ ಜನ, ಇಲ್ಲವೇ ಇನ್ನೂ ಹೆಚ್ಚು, ಹಡಗು ಹತ್ತಿದರು. ಧಾನ್ಯ ಹೊತ್ತ ಹಡಗುಗಳೂ ಅದೇ ಬಂದರುಗಳಿಂದ ಹೊರಡುತ್ತಿದ್ದವು.

ಹೆಸರಿನಲ್ಲಿದ್ದ ಸೋಮಾರಿತನದ ಆರೋಪಕ್ಕೆ ಆಗ ಬೇರೆಯೇ ಬಲ ಬಂತು. ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ಲಂಡನ್ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ 1848ರಲ್ಲಿ ಕ್ಷಾಮದ ಬಗ್ಗೆ ಒಂದು ದೀರ್ಘ ಲೇಖನ ಬರೆದ. ವರ್ಷದಲ್ಲಿ ಕೆಲವೇ ವಾರ ದುಡಿದರೆ ಸಾಕೆನ್ನುವ ಆಲೂಗಡ್ಡೆಯ ಬದುಕೇ ಐರಿಷ್ ಜನರನ್ನು ಕೆಡಿಸಿತೆಂದೂ, ಬಂದ ವಿಪತ್ತಿನಲ್ಲಿ ದೈವಸಂಕಲ್ಪವಿದೆಯೆಂದೂ ಅದರ ಧಾಟಿ. ಗೇಣಿಯ ಲೆಕ್ಕಕ್ಕಿಂತ ಜನರ ಮೈಗಳ್ಳತನದ ಲೆಕ್ಕ ಬರೆಯುವುದು ಸುಲಭ. ಈತ ಮೊದಲು ಭಾರತದಲ್ಲಿ ಕಂಪನಿಯ ನೌಕರಿ ಮಾಡಿದ್ದವನು. 1859ರಲ್ಲಿ ಮದರಾಸಿನ ಗವರ್ನರನಾಗಿ ಮತ್ತೆ ಬಂದ. ಬಳ್ಳಾರಿ, ಮಂಗಳೂರುಗಳೂ ಆಗ ಅವನ ಆಡಳಿತಕ್ಕೆ ಸೇರಿದ್ದವು.

ಇದಾಗಿ ನೂರು ವರ್ಷ ಕಳೆಯಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ರೂತ್ ಸ್ಟೌಟ್ ಎಂಬ ಮಹಿಳೆ ತನ್ನ ಮನೆಯ ತೋಟವನ್ನು ಉಳುವುದನ್ನೇ ನಿಲ್ಲಿಸಿದರು. ನೆಲದ ಮೇಲೆ ಆಲೂಗಡ್ಡೆ ಹಾಕಿ, ಮೇಲೆ ದಪ್ಪಗೆ ಒಣಹುಲ್ಲು ಮುಚ್ಚುವುದು ಅವರ ಕ್ರಮ. ಬೆನ್ನು ನೋಯಿಸಿಕೊಳ್ಳದೆ ತೋಟ ಮಾಡುವ ಬಗೆಯನ್ನು ಕುರಿತು 1955ರಲ್ಲಿ ಅವರು ಬರೆದ ಪುಸ್ತಕ ಜನಪ್ರಿಯವಾಯಿತು. ಮುಂದೆ ಬಂದ ಇನ್ನೊಂದು ಪುಸ್ತಕದ ಹೆಸರಿನಲ್ಲಂತೂ 'ಕೆಲಸವಿಲ್ಲದ ತೋಟ' ಎಂದೇ ಇತ್ತು. ಬಡ ಗೇಣಿದಾರನಿಗೆ ಕಳಂಕವಾಗಿದ್ದ ಮಾತು ಸ್ವಂತ ತೋಟವಿದ್ದ ಲೇಖಕಿಗೆ ಜಾಹೀರಾತಾಯಿತು.

ಅಗೆಯದಿದ್ದರೂ ಆಲೂಗಡ್ಡೆ ಬರುವುದಕ್ಕೆ ಕಾರಣ ಸರಳ. ಅದು ಬೇರಲ್ಲ, ಊದಿಕೊಂಡ ಕಾಂಡ. ನೆಟ್ಟ ಗಡ್ಡೆಯಿಂದ ಎದ್ದ ಗಿಡ ಬುಡದಲ್ಲಿ ಅಡ್ಡಡ್ಡ ಎಳೆಗಳನ್ನು ಬಿಡುತ್ತದೆ. ಅವುಗಳ ತುದಿಯಲ್ಲಿ ಹೊಸ ಗಡ್ಡೆ ಕಟ್ಟುತ್ತದೆ. ಹೆಚ್ಚಿನ ಗಡ್ಡೆಗಳು ಕೂರುವುದು ನೆಟ್ಟ ಗಡ್ಡೆಯ ಮಟ್ಟದಲ್ಲಿ, ಇಲ್ಲವೇ ಅದರ ಮೇಲೆ. ಅವಕ್ಕೆ ಬೇಕಾದ್ದು ಕತ್ತಲೆ, ಹಸಿ ಮತ್ತು ಸಡಿಲ ಜಾಗ. ಬೆಳಕು ಬಿದ್ದರೆ ಮಾತ್ರ ಹಸಿರುಗಟ್ಟಿ ಕಹಿಯಾಗುತ್ತವೆ, ಅಂಥವನ್ನು ತಿನ್ನಬಾರದು. ಆದ್ದರಿಂದಲೇ ಮಗುಚಿದ ಹೆಂಟೆಯಾದರೂ ಸರಿ, ಒಣಹುಲ್ಲಾದರೂ ಸರಿ, ತಾರಸಿಯ ಮೇಲೆ ಮಣ್ಣು-ಗೊಬ್ಬರ ತುಂಬಿದ ಗೋಣಿಚೀಲವಾದರೂ ಸರಿ. ಗಿಡ ಎತ್ತರವಾದಂತೆ ಹೊದಿಕೆ ಏರಿಸುತ್ತ ಹೋಗಬೇಕು, ನೀರು ನಿಲ್ಲಬಾರದು.

ಇದೇ ಉಪಾಯ ಈಗ ಬಂಗಾಳದ ಸುಂದರಬನದಲ್ಲಿ ಬಳಕೆಗೆ ಬಂದಿದೆ. ಅಲ್ಲಿ ಭತ್ತದ ಕೊಯ್ಲಾದ ಮೇಲೂ ಗದ್ದೆ ಬಹಳ ದಿನ ಕೆಸರಾಗಿರುತ್ತದೆ. ಅದು ಆರಿ ಉಳುವ ಹದಕ್ಕೆ ಬರುವಷ್ಟರಲ್ಲಿ ನೆಲದ ಉಪ್ಪು ಮೇಲೇರಿ ಎರಡನೆಯ ಬೆಳೆಯ ಆಸೆ ಹೋಗುತ್ತಿತ್ತು. ಕಳೆದ ದಶಕದಲ್ಲಿ ಕೃಷಿ ವಿಜ್ಞಾನಿಗಳು ಮತ್ತು ಅಲ್ಲಿನ ರೈತರು ಬೇರೆ ದಾರಿ ಹಿಡಿದರು. ಆರಲು ಕಾಯದೆ, ಹಸಿ ಗದ್ದೆಯ ಮೇಲೆಯೇ ಗಡ್ಡೆಗಳನ್ನು ಸಾಲಾಗಿ ಇಟ್ಟು, ಗೊಬ್ಬರ ಹಾಕಿ, ಅದೇ ಗದ್ದೆಯ ಹುಲ್ಲನ್ನು ದಪ್ಪಗೆ ಹೊದಿಸುತ್ತಾರೆ. ನೆಲದ ಹಸಿ ಆರದಂತೆ, ಉಪ್ಪು ಮೇಲೇರದಂತೆ ಹುಲ್ಲು ತಡೆಯುತ್ತದೆ. ಕೊಯ್ಲಿಗೆ ಗುದ್ದಲಿ ಬೇಡ. ಹುಲ್ಲು ಸರಿಸಿ, ಕೋಳಿಗೂಡಿನಿಂದ ಮೊಟ್ಟೆ ತೆಗೆದಂತೆ ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕಿಕೊಂಡರಾಯಿತು.