ಉಗಿಯ ಒತ್ತಡದಿಂದ ಕೃತಕ ಬುದ್ಧಿಮತ್ತೆಯವರೆಗೆ: ನಿಯಮವೂ ಆವಿಷ್ಕಾರವೂ

ಅಡುಗೆಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಗಮನಿಸಿ. ಸೀಟಿ ಹೊಡೆಯುವ ತೂಕದ ಪಕ್ಕದಲ್ಲಿ ಒಂದು ಚಿಕ್ಕ ಸುರಕ್ಷಾ ಕವಾಟ ಇರುತ್ತದೆ. ಅದರೊಳಗಿನ ಮಿಶ್ರಲೋಹ ಕಡಿಮೆ ಉಷ್ಣತೆಯಲ್ಲೇ ಕರಗುವಂಥದು. ಕುಕ್ಕರಿನ ನೀರು ಆರಿ ಉಷ್ಣತೆ ಮಿತಿಮೀರಿದರೆ ಲೋಹ ಕರಗಿ ಉಗಿಗೆ ದಾರಿ ಬಿಡುತ್ತದೆ. ಈ ಪುಟ್ಟ ಬಿರಡೆಯ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಗೂ ಆ ಇತಿಹಾಸಕ್ಕೂ ಹತ್ತಿರದ ಸಂಬಂಧವಿದೆ.

ಕೃತಕ ಬುದ್ಧಿಮತ್ತೆಯನ್ನು ಕಾಯಿದೆಯಿಂದ ನಿಯಂತ್ರಿಸಬೇಕೇ? ಈ ಪ್ರಶ್ನೆಗೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಐರೋಪ್ಯ ಒಕ್ಕೂಟದ ಕಾಯಿದೆ 2024ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಅದರ ವಿಧಿಗಳು ಹಂತಹಂತವಾಗಿ ಅನ್ವಯಿಸುತ್ತವೆ. ಅಮೆರಿಕದ ಅಧ್ಯಕ್ಷರು 2023ರ ಅಕ್ಟೋಬರಿನಲ್ಲಿ ಹೊರಡಿಸಿದ್ದ ಆದೇಶವನ್ನು ಮುಂದಿನ ಅಧ್ಯಕ್ಷರು 2025ರ ಜನವರಿಯಲ್ಲಿ ರದ್ದುಪಡಿಸಿದರು. ಭಾರತ 2025ರ ನವೆಂಬರಿನಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಎಲ್ಲ ಕಡೆಯೂ ಕೇಳಿಬರುವ ವಾದ ಒಂದೇ: ನಿಯಮ ಹೆಚ್ಚಿದರೆ ಆವಿಷ್ಕಾರ ಕುಗ್ಗುತ್ತದೆ, ನಿಯಮ ಸಡಿಲಿಸಿದರೆ ಆವಿಷ್ಕಾರ ಬೆಳೆಯುತ್ತದೆ. ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳೇ? ಉಗಿಯ ಕಥೆಯನ್ನು ನೋಡೋಣ.

ಹೆಚ್ಚು ಒತ್ತಡದ ಉಗಿ

ಜೇಮ್ಸ್ ವಾಟ್‌ಗೆ 1769ರಲ್ಲಿ ಪೇಟೆಂಟ್ ದೊರೆಯಿತು. ಬ್ರಿಟಿಷ್ ಪಾರ್ಲಿಮೆಂಟು 1775ರಲ್ಲಿ ಅದನ್ನು 1800ರವರೆಗೆ ವಿಸ್ತರಿಸಿತು. ವಾಟ್‌ನ ಯಂತ್ರಗಳು ವಾಯುಮಂಡಲದ ಒತ್ತಡಕ್ಕಿಂತ ತುಸುವೇ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತಿದ್ದವು. ಹೆಚ್ಚು ಒತ್ತಡ ಅಪಾಯಕರವೆಂದು ಆತ ಅದನ್ನು ವಿರೋಧಿಸಿದ. ಪೇಟೆಂಟ್ ಮುಗಿದ ನಂತರ ಇಂಗ್ಲೆಂಡಿನಲ್ಲಿ ರಿಚರ್ಡ್ ಟ್ರೆವಿಥಿಕ್, ಅಮೆರಿಕದಲ್ಲಿ ಆಲಿವರ್ ಎವನ್ಸ್ ಹೆಚ್ಚು ಒತ್ತಡದ ಯಂತ್ರಗಳನ್ನು ಬಳಕೆಗೆ ತಂದರು. ಅಷ್ಟೇ ಸಾಮರ್ಥ್ಯದ ಯಂತ್ರ ಈಗ ಚಿಕ್ಕದೂ ಹಗುರವೂ ಆಯಿತು. ರೈಲು ಎಂಜಿನ್ ಸಾಧ್ಯವಾದದ್ದು ಇದರಿಂದಲೇ.

ವಾಟ್‌ನ ಭಯ ಸುಳ್ಳಾಗಿರಲಿಲ್ಲ. 1803ರಲ್ಲಿ ಗ್ರೀನಿಚ್‌ನಲ್ಲಿ ಟ್ರೆವಿಥಿಕ್‌ನ ಒಂದು ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಆತ ಹೆಚ್ಚು ಒತ್ತಡವನ್ನು ಕೈಬಿಡಲಿಲ್ಲ. ನೀರು ಕಡಿಮೆಯಾದರೆ ಕರಗುವ ಸೀಸದ ಬಿರಡೆಯನ್ನು ಬಾಯ್ಲರಿಗೆ ಜೋಡಿಸಿದ. ನಮ್ಮ ಕುಕ್ಕರಿನ ಬಿರಡೆಯ ಪೂರ್ವಜ ಇದೇ. ಆದರೆ ಎಲ್ಲ ಮಾಲೀಕರೂ ಇಷ್ಟು ಎಚ್ಚರ ವಹಿಸಲಿಲ್ಲ. ನದಿ ಹಡಗುಗಳಲ್ಲಿ ವೇಗಕ್ಕಾಗಿ ಸುರಕ್ಷಾ ಕವಾಟದ ಮೇಲೆ ಹೆಚ್ಚುವರಿ ತೂಕ ಹೇರುವ ರೂಢಿಯೂ ಇತ್ತು.

ಮೊದಲು ಅಳತೆ

ಫ್ರಾನ್ಸಿನಲ್ಲಿ 1823ರಲ್ಲಿ ಬಾಯ್ಲರುಗಳಿಗೆ ರಾಜಾಜ್ಞೆ ಹೊರಟಿತು. ಆದರೆ ನಿಯಮ ಬರೆಯಲು ಅಂಕಿ ಬೇಕು. ಯಾವ ಉಷ್ಣತೆಯಲ್ಲಿ ಉಗಿಯ ಒತ್ತಡ ಎಷ್ಟು? ಹೆಚ್ಚಿನ ಒತ್ತಡಗಳಿಗೆ ನಂಬಬಹುದಾದ ಕೋಷ್ಟಕ ಇರಲಿಲ್ಲ. ಸರ್ಕಾರ ವಿಜ್ಞಾನ ಅಕಾಡೆಮಿಯನ್ನು ಕೇಳಿತು. ಡ್ಯುಲಾಂಗ್ ಮತ್ತು ಅರಗೊ ಮೊದಲು ಎತ್ತರದ ಪಾದರಸದ ಸ್ತಂಭದಿಂದ ಬಾಯಿಲನ ನಿಯಮವನ್ನು 27 ವಾಯುಮಂಡಲಗಳವರೆಗೆ ಪರೀಕ್ಷಿಸಿದರು. ಬಳಿಕ ಉಗಿಯ ಒತ್ತಡವನ್ನು 24 ವಾಯುಮಂಡಲಗಳವರೆಗೆ ಅಳೆದರು. 24 ವಾಯುಮಂಡಲವೆಂದರೆ ಸುಮಾರು 18 ಮೀಟರ್ ಎತ್ತರದ ಪಾದರಸ! ಫಲಿತಾಂಶಗಳು 1830ರಲ್ಲಿ ಪ್ರಕಟವಾದವು.

ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಬಾಯ್ಲರ್ ಸ್ಫೋಟಗಳ ಅಧ್ಯಯನಕ್ಕೆ ಸಮಿತಿ ರಚಿಸಿತು. ಪ್ರಯೋಗಗಳಿಗೆ ಸರ್ಕಾರದ ಖಜಾನೆ ಹಣ ಕೊಟ್ಟಿತು. ನೇತೃತ್ವ ಅಲೆಕ್ಸಾಂಡರ್ ಡಲಾಸ್ ಬೇಚ್ ಅವರದು. ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರು ವಿಭಜನೆಯಾಗಿ ಹೈಡ್ರೋಜನ್ ಹುಟ್ಟುತ್ತದೆ, ಅದು ಹೊತ್ತಿಕೊಂಡು ಬಾಯ್ಲರ್ ಸಿಡಿಯುತ್ತದೆ ಎಂದು ಆಗ ಹಲವರು ನಂಬಿದ್ದರು. ಸಮಿತಿಯ ಪ್ರಯೋಗಗಳು ಇದನ್ನು ಅಲ್ಲಗಳೆದವು. ಒತ್ತಡ ನಿಧಾನವಾಗಿ ಏರಿದರೂ ಬಾಯ್ಲರ್ ಭೀಕರವಾಗಿ ಸಿಡಿಯಬಲ್ಲದು ಎಂಬುದೂ ಗೊತ್ತಾಯಿತು. ಫ್ರೆಂಚ್ ನಿಯಮ ಕಡ್ಡಾಯಪಡಿಸಿದ್ದ ಕರಗುವ ಮಿಶ್ರಲೋಹದಲ್ಲೂ ದೋಷ ಕಂಡಿತು. ಒತ್ತಡಕ್ಕೆ ಸಿಕ್ಕಾಗ ಬೇಗ ಕರಗುವ ಅಂಶ ಮೊದಲೇ ಜಿನುಗಿ ಹೋಗುತ್ತಿತ್ತು; ಉಳಿದ ಲೋಹ ಬೇಕಾದ ಉಷ್ಣತೆಯಲ್ಲಿ ಕರಗುತ್ತಿರಲಿಲ್ಲ. ಒಳ್ಳೆಯ ಉದ್ದೇಶದ ನಿಯಮವೂ ಪ್ರಯೋಗಶಾಲೆಯಲ್ಲಿ ಸೋಲಬಹುದು ಎಂಬುದಕ್ಕೆ ಇದು ನಿದರ್ಶನ.

ಸಮಿತಿಯ ವರದಿ 1836ರಲ್ಲಿ ಸಿದ್ಧವಾಯಿತು. 1838ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿಯ ಬಳಿ ಮೊಸೆಲ್ ಎಂಬ ಹಡಗು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಬಂದ ಕಾಯಿದೆ ತೀರ ದುರ್ಬಲವಾಗಿತ್ತು. ನೀರಿನ ಒತ್ತಡದ ಪರೀಕ್ಷೆ, ಎಂಜಿನಿಯರರಿಗೆ ಪರವಾನಗಿ, ಅರ್ಹ ತನಿಖಾಧಿಕಾರಿಗಳು ಇವನ್ನೆಲ್ಲ ಒಳಗೊಂಡ ಕಾಯಿದೆ ಬಂದದ್ದು 1852ರಲ್ಲಿ. ಅನಂತರ ಪ್ರಯಾಣಿಕ ಹಡಗುಗಳಲ್ಲಿ ಸಾವುಗಳು ಇಳಿದವು, ನಿಲ್ಲಲಿಲ್ಲ: 1865ರಲ್ಲಿ ಸುಲ್ತಾನಾ ಹಡಗಿನ ದುರಂತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ನೆಲದ ಮೇಲಿನ ಬಾಯ್ಲರುಗಳಂತೂ ಈ ಕಾಯಿದೆಯ ಹೊರಗಿದ್ದವು. 1905ರಲ್ಲಿ ಮೆಸಾಚುಸೆಟ್ಸಿನ ಬ್ರಾಕ್ಟನ್‌ನಲ್ಲಿ ಪಾದರಕ್ಷೆ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತ ಮೇಲೆ ಆ ರಾಜ್ಯ ನಿಯಮ ರೂಪಿಸಿತು. ರಾಜ್ಯಕ್ಕೊಂದು ನಿಯಮವಾದಾಗ ತಯಾರಕರಿಗೇ ಕಷ್ಟವಾಯಿತು. ಆಗ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರರ ಸಂಘ ಏಕರೂಪದ ಸಂಹಿತೆಯನ್ನು ಸಿದ್ಧಪಡಿಸಿತು. ಇಲ್ಲಿ ನಿಯಮವೇ ಮಾರುಕಟ್ಟೆಯನ್ನು ವಿಸ್ತರಿಸಿತು.

ವಿಜ್ಞಾನಕ್ಕೆ ದೊರೆತದ್ದೂ ಕಡಿಮೆಯಲ್ಲ. ಡ್ಯುಲಾಂಗ್–ಅರಗೊ ಅವರ ಕೆಲಸವನ್ನು ರೆನ್ಯೋ ಇನ್ನಷ್ಟು ನಿಖರವಾಗಿ, ಇದೂ ಸರ್ಕಾರದ ನೆರವಿನಿಂದಲೇ, ಮುಂದುವರಿಸಿ 1847ರಲ್ಲಿ ಪ್ರಕಟಿಸಿದ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1849ರಲ್ಲಿ ಕಾರ್ನೊ ಸಿದ್ಧಾಂತದ ಲೆಕ್ಕಗಳಿಗೆ ಬಳಸಿದ್ದು ಇದೇ ಅಂಕಿಗಳನ್ನು. ನಮ್ಮ ವಿದ್ಯಾರ್ಥಿಗಳು ಓದುವ ಉಷ್ಣಗತಿವಿಜ್ಞಾನದಲ್ಲಿ ಬಾಯ್ಲರ್ ಸುರಕ್ಷತೆಯ ಪಾಲೂ ಇದೆ.

ಕೆಂಪು ಬಾವುಟ

ಇದರ ವಿರುದ್ಧದ ಉದಾಹರಣೆಯೂ ಉಂಟು. ಬ್ರಿಟನ್ನಿನ 1865ರ ಕಾಯಿದೆಯಂತೆ, ರಸ್ತೆಯ ಮೇಲೆ ಓಡುವ ಉಗಿ ಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ವೇಗದ ಮಿತಿ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ. ಬಂಡಿ ಹಗುರವೋ ಭಾರವೋ, ಅದರ ಬ್ರೇಕು ಹೇಗಿದೆ ಎಂದು ಕಾಯಿದೆ ಕೇಳಲಿಲ್ಲ. ಬ್ರೇಕನ್ನು ಸುಧಾರಿಸಿದವನಿಗೂ ಅದೇ 4 ಮೈಲಿ. ಈ ವೇಗಮಿತಿಗಳಿಂದ ಹಗುರ ವಾಹನಗಳಿಗೆ ಬಿಡುಗಡೆ ಸಿಕ್ಕಿದ್ದು 1896ರಲ್ಲಿ.

ಇಂದಿನ ಒತ್ತಡಮಾಪಕ ಯಾವುದು?

ಬಾಯ್ಲರ್ ನಿಯಮ ಅಪಾಯವನ್ನೇ ಅಳೆಯಿತು. ಬಾವುಟದ ನಿಯಮ ಯಂತ್ರದ ಜಾತಿಯನ್ನು ನೋಡಿತು. ಕೃತಕ ಬುದ್ಧಿಮತ್ತೆಯಲ್ಲಿ ನಾವು ಎಲ್ಲಿದ್ದೇವೆ? ಒಂದು ಮಾದರಿಯ ತರಬೇತಿಗೆ ಬಳಸಿದ ಗಣನಕ್ರಿಯೆಗಳ ಸಂಖ್ಯೆ 1ರ ಮುಂದೆ 25 ಸೊನ್ನೆಗಳಷ್ಟನ್ನು ಮೀರಿದರೆ, ಅದರಿಂದ ವ್ಯಾಪಕ ಅಪಾಯ ಉಂಟಾಗಬಹುದೆಂದು ಐರೋಪ್ಯ ಕಾಯಿದೆ ಭಾವಿಸುತ್ತದೆ. ಎಣಿಸಲು ಇದು ಸುಲಭ. ಆದರೆ ಉರಿಸಿದ ಕಲ್ಲಿದ್ದಲಿನ ತೂಕದಿಂದ ಬಾಯ್ಲರಿನ ಒತ್ತಡವನ್ನು ಊಹಿಸಿದಂತೆ! ಚಿಕ್ಕ ಮಾದರಿಗಳೂ ಈಗ ಸಮರ್ಥವಾಗುತ್ತಿವೆ. ಈ ಮಿತಿಯನ್ನು ಬದಲಿಸುವ ಅವಕಾಶವನ್ನು ಕಾಯಿದೆಯೇ ಇಟ್ಟುಕೊಂಡಿರುವುದು ಮೆಚ್ಚತಕ್ಕದ್ದು.

ಪರೀಕ್ಷೆಗಳೂ ಇನ್ನೂ ಎಳಸು. ಪ್ರಶ್ನೆಗಳೇ ತರಬೇತಿಯ ಪಠ್ಯದಲ್ಲಿ ಸೇರಿಹೋದರೆ ಅಂಕಗಳಿಗೆ ಅರ್ಥವಿಲ್ಲ. ಇಂಗ್ಲಿಷಿನಲ್ಲಿ ಸುರಕ್ಷಿತವೆನಿಸಿದ ಮಾದರಿ ಕನ್ನಡದಲ್ಲೂ ಹಾಗೆಯೇ ವರ್ತಿಸುತ್ತದೆ ಎನ್ನಲಾಗದು. ಅದನ್ನು ಕನ್ನಡದಲ್ಲೇ ಪರೀಕ್ಷಿಸಬೇಕು. ಇನ್ನೊಂದು ವ್ಯತ್ಯಾಸ ಮುಖ್ಯ. ಬಾಯ್ಲರ್ ಸಿಡಿದರೆ ಊರಿಗೇ ಕೇಳಿಸುತ್ತದೆ. ಅರ್ಹನೊಬ್ಬನ ಸಾಲದ ಅರ್ಜಿಯನ್ನು ಯಂತ್ರ ತಪ್ಪಾಗಿ ತಿರಸ್ಕರಿಸಿದರೆ ಸದ್ದೇ ಆಗುವುದಿಲ್ಲ. ಆದ್ದರಿಂದ ಇಂಥ ಅವಘಡಗಳನ್ನು ವರದಿ ಮಾಡುವ, ಲೆಕ್ಕ ಇಡುವ ವ್ಯವಸ್ಥೆಯೇ ಮೊದಲ ಅಗತ್ಯ. ಬ್ರಿಟನ್ 2023ರಲ್ಲಿ ಮಾದರಿಗಳನ್ನು ಪರೀಕ್ಷಿಸುವ ಸಂಸ್ಥೆಯನ್ನು ತೆರೆಯಿತು. ಭಾರತ 2025ರ ಜನವರಿಯಲ್ಲಿ ಅಂಥದೊಂದನ್ನು ಘೋಷಿಸಿತು. ಇವು ನಮ್ಮ ಕಾಲದ ಫ್ರಾಂಕ್ಲಿನ್ ಸಮಿತಿಗಳಾಗಬಲ್ಲವು.

ಆದರೆ ಅಳತೆ ಇದ್ದರಷ್ಟೇ ಸಾಲದು. ಫ್ರಾಂಕ್ಲಿನ್ ಸಮಿತಿಯ ವರದಿಗೂ ಬಲವಾದ ಕಾಯಿದೆಗೂ ನಡುವೆ 16 ವರ್ಷಗಳು ಕಳೆದವು. ಆ ಅವಧಿಯಲ್ಲಿ ಹಡಗು ಹತ್ತಿದವರಿಗೆ ಬೇಕಾದ ಜ್ಞಾನ ಮುದ್ರಣವಾಗಿ ಕಪಾಟಿನಲ್ಲೇ ಇತ್ತು.