ಕೋವಿಯ ಕಾನೂನು ಮತ್ತು ಇಪ್ಪತ್ತೊಂದರ ಗಡಿ

2025ರ ಜನವರಿ 17ರಂದು ಉಳ್ಳಾಲ ಪೊಲೀಸ್ ಠಾಣೆ ವ್ಯಾಪ್ತಿಯ ಕೆ.ಸಿ. ರೋಡಿನಲ್ಲಿ ಮುಸುಕುಧಾರಿಗಳ ತಂಡವೊಂದು ಹಾಡಹಗಲೇ ಸಹಕಾರಿ ಬ್ಯಾಂಕಿಗೆ ನುಗ್ಗಿತು. ಬಂದೂಕು ತೋರಿಸಿ ಸಿಬ್ಬಂದಿಯನ್ನು ಬೆದರಿಸಿ, ಚಿನ್ನ ಮತ್ತು ನಗದನ್ನು ದೋಚಿ ಪರಾರಿಯಾಯಿತು. ಮೀನುಗಾರಿಕೆ, ದರ್ಗಾ, ಸೋಮೇಶ್ವರದ ಕಡಲತೀರಗಳಿಂದ ಹೆಸರಾದ ಊರಿನಲ್ಲಿ ಕೆಲವು ದಿನ ಬೇರೆ ಮಾತೇ ಇರಲಿಲ್ಲ. ಶಾಲಾ ಕಾಲೇಜುಗಳ ಮಕ್ಕಳಿಗಂತೂ ಸಿನಿಮಾದಲ್ಲಿ ಕಂಡ ಪಿಸ್ತೂಲು ತಮ್ಮ ಬಸ್ಸು ನಿಲ್ಲುವ ದಾರಿಗೇ ಬಂದಂತಾಗಿತ್ತು.

ಇಂತಹ ಘಟನೆ ನಡೆದಾಗಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ಕಳ್ಳನ ಕೈಗೆ ಕೋವಿ ಬಂದದ್ದು ಹೇಗೆ ಎಂಬುದು ಒಂದು. ಕಳ್ಳನ ಬಳಿ ಇರುವುದು ಸಾಮಾನ್ಯ ಜನರ ಬಳಿ ಏಕಿರಬಾರದು ಎಂಬುದು ಇನ್ನೊಂದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಈ ಪ್ರಶ್ನೆಗಳು ಚುನಾವಣೆಯನ್ನೇ ಅಲುಗಾಡಿಸಿವೆ. ಅಲ್ಲಿ ಚರ್ಚೆಯ ಮುಂಚೂಣಿಯಲ್ಲಿ ಹದಿಹರೆಯದವರೂ ಇದ್ದಾರೆ. ನಮ್ಮಲ್ಲಿ ಈ ಚರ್ಚೆ ವಿರಳ. ಹಾಗೆಂದು ನಮಗೆ ಇದರ ಇತಿಹಾಸವಿಲ್ಲ ಎಂದಲ್ಲ. ಕರಾವಳಿಯಿಂದ ಬಯಲುಸೀಮೆಯವರೆಗೆ ಕನ್ನಡ ನಾಡಿಗೆ ಕೋವಿಯ ಕಾನೂನಿನ ದೊಡ್ಡ ಕಥೆಯೇ ಇದೆ.

ಆಯುಧ ರಾಜ್ಯದ ಸ್ವತ್ತಾದದ್ದು

ಉಳ್ಳಾಲದ ಹೆಸರು ಕೇಳಿದೊಡನೆ ನೆನಪಾಗುವವಳು ಚೌಟ ವಂಶದ ರಾಣಿ ಅಬ್ಬಕ್ಕ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬಿ ಸಮುದ್ರದ ವ್ಯಾಪಾರವನ್ನು ತಮ್ಮ ಫಿರಂಗಿಯ ಬಾಯಿಗೆ ಕಟ್ಟಿಹಾಕಲು ಹೊರಟಾಗ ಕಪ್ಪ ಕೊಡಲೊಪ್ಪದ ಪುಟ್ಟ ಬಂದರು ಇದು. ಶತ್ರುವಿನ ಹಡಗುಗಳ ಮೇಲೆ ಅಬ್ಬಕ್ಕನ ಕಡೆಯವರು ಅಗ್ನಿಬಾಣಗಳನ್ನು ಎಸೆದರೆಂದು ಜನಪದ ಇಂದಿಗೂ ಹೇಳುತ್ತದೆ. ಅವಳ ಜೊತೆ ನಿಂತವರಲ್ಲಿ ಮೊಗವೀರರೂ ಬ್ಯಾರಿಗಳೂ ಇದ್ದರೆಂಬುದು ಇಲ್ಲಿನವರ ಹೆಮ್ಮೆ. ಆಗ ಆಯುಧಕ್ಕೆ ಪರವಾನಗಿ ಎಂಬ ಕಲ್ಪನೆಯೇ ಇರಲಿಲ್ಲ. ದೋಣಿ ನಡೆಸುವವನೇ ಯುದ್ಧ ಬಂದಾಗ ಯೋಧ.

ಆ ಸ್ಥಿತಿ ಬದಲಾದದ್ದು ಬ್ರಿಟಿಷರ ಕಾಲದಲ್ಲಿ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ವಶಪಡಿಸಿಕೊಂಡು ಕೆಲವು ದಿನ ಆಳಿತು. ಕಲ್ಯಾಣಪ್ಪನ ಕಾಟಕಾಯಿ ಎಂದು ಹೆಸರಾದ ಈ ದಂಗೆಗೆ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಒತ್ತಾಯ ಒಂದು ಮುಖ್ಯ ಕಾರಣ. ದಂಗೆಯನ್ನು ಅಡಗಿಸಿದ ಕಂಪೆನಿ ನಾಯಕರನ್ನು ಗಲ್ಲಿಗೇರಿಸಿತು. ಹಳ್ಳಿಯವರ ಕೈಯಲ್ಲಿರುವ ಕೋವಿ, ಕತ್ತಿಗಳು ಒಂದೇ ವಾರದಲ್ಲಿ ಜಿಲ್ಲಾ ಕೇಂದ್ರವನ್ನೇ ಕಬಳಿಸಬಲ್ಲವು ಎಂಬ ಪಾಠವನ್ನು ಆಳುವವರು ಮರೆಯುವಂತಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 1857ರ ಮಹಾದಂಗೆಯ ಬಿಸಿಯಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಜನ ತಮ್ಮಲ್ಲಿರುವ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂಬುದು ಆದೇಶ. ಇಂದಿನ ಬಾಗಲಕೋಟೆ ಜಿಲ್ಲೆಯ, ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಕೊಡುವುದೆಂದರೆ ಕಸುಬನ್ನೂ ಮಾನವನ್ನೂ ಕೊಟ್ಟಂತೆ. ಸೇನೆ ಊರಿಗೆ ನುಗ್ಗಿತು, ಮನೆಗಳು ಉರಿದವು, ಹಲವರು ಹೋರಾಟದಲ್ಲೇ ಸತ್ತರು. ಸೆರೆಸಿಕ್ಕವರಲ್ಲಿ ಕೆಲವರನ್ನು ಅದೇ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಹಲಗಲಿಯ ಬೇಡರ ಲಾವಣಿ ಇಂದಿಗೂ ಉತ್ತರ ಕರ್ನಾಟಕದಲ್ಲಿ ಜನಜನಿತ. ಅದನ್ನು ಸಂಗ್ರಹಿಸಿ ಪ್ರಕಟಿಸಿದವರು ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್ ಎಂಬುದು ಇತಿಹಾಸದ ವಿಚಿತ್ರ.

ಅದೇ ಹೊತ್ತಿನಲ್ಲಿ ಕೊಡಗಿನಲ್ಲಿ ನಡೆದದ್ದು ಇದಕ್ಕೆ ಪೂರ್ಣ ವಿರುದ್ಧ. ಕೊಡವರು ತೋರಿದ ನಿಷ್ಠೆಯನ್ನು ಮೆಚ್ಚಿ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟರು. ಒಂದೇ ಕಾಯಿದೆ ಒಂದು ಜನಾಂಗಕ್ಕೆ ನೇಣಾಯಿತು, ಇನ್ನೊಂದಕ್ಕೆ ಬಿರುದಾಯಿತು. ಅಂದರೆ ಕಾಯಿದೆಯ ಮೂಲ ಉದ್ದೇಶ ಸಾರ್ವಜನಿಕರ ರಕ್ಷಣೆಯಾಗಿರಲಿಲ್ಲ. ಯಾರನ್ನು ನಂಬಬಹುದು, ಯಾರನ್ನು ನಂಬಬಾರದು ಎಂಬ ಆಳುವವರ ಲೆಕ್ಕಾಚಾರವಾಗಿತ್ತು.

1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಆಯುಧ ಕಾಯಿದೆ ಈ ಲೆಕ್ಕಾಚಾರಕ್ಕೆ ಇಡೀ ದೇಶದ ವ್ಯಾಪ್ತಿ ಕೊಟ್ಟಿತು. ಭಾರತೀಯರಿಗೆ ಪರವಾನಗಿ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ದೇಶಭಾಷೆಗಳ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ ಕಾನೂನು ಬಂದದ್ದೂ ಅದೇ ವರ್ಷ. ಕೋವಿ ಮತ್ತು ಲೇಖನಿ ಎರಡನ್ನೂ ಸರ್ಕಾರ ಒಂದೇ ಕಣ್ಣಿನಿಂದ ನೋಡಿತು.

ಮಂಗಳೂರಿನ ಮಗ ಕೇಳಿದ ಹಕ್ಕು

ಈ ಅವಮಾನ ಸ್ವಾತಂತ್ರ್ಯ ಹೋರಾಟಗಾರರ ಮನಸ್ಸಿನಲ್ಲಿ ಆಳವಾಗಿ ಉಳಿದಿತ್ತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ 1930ರಲ್ಲಿ ವೈಸರಾಯ್ ಇರ್ವಿನ್ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು.

ಆ ಮಾತನ್ನು ಸಂವಿಧಾನ ಸಭೆಯಲ್ಲಿ ನೆನಪಿಸಿದವರು ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದ್ದ ಕಾಮತರು, 1948ರ ಡಿಸೆಂಬರ್ ಮೊದಲ ವಾರದಲ್ಲಿ ಸ್ವಾತಂತ್ರ್ಯದ ಹಕ್ಕುಗಳ ಮೇಲೆ ಚರ್ಚೆ ನಡೆದಾಗ ಆಯುಧ ಹೊಂದುವ ಹಕ್ಕನ್ನೂ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಕರಾಚಿಯಲ್ಲಿ ಕೊಟ್ಟ ಮಾತೇ ಅವರ ಆಧಾರ.

ಡಾ. ಬಿ.ಆರ್. ಅಂಬೇಡ್ಕರ್ ಇದನ್ನು ಒಪ್ಪಲಿಲ್ಲ. ಪರಕೀಯರು ಜನರನ್ನು ನಿಶ್ಶಸ್ತ್ರಗೊಳಿಸಿದ್ದಾಗ ಆ ಬೇಡಿಕೆ ಸಹಜವಾಗಿತ್ತು, ಈಗ ಪರಿಸ್ಥಿತಿ ಬೇರೆ ಎಂಬುದು ಅವರ ವಾದ. ಪ್ರತಿಯೊಬ್ಬನೂ ಅಂಗಡಿಗೆ ಹೋಗಿ ಆಯುಧ ಕೊಳ್ಳುವ ಹಕ್ಕು ಪಡೆದರೆ ರಾಜ್ಯ ನಡೆಯುವುದಾದರೂ ಹೇಗೆ ಎಂದು ಅವರು ಕೇಳಿದರು. ನಾಗರಿಕನಿಗೆ ಬೇಕಾದದ್ದು ಆಯುಧ ಹಿಡಿಯುವ ಹಕ್ಕಲ್ಲ, ದೇಶಕ್ಕೆ ಅಗತ್ಯ ಬಿದ್ದಾಗ ಆಯುಧ ಹಿಡಿಯುವ ಕರ್ತವ್ಯ ಎಂಬುದು ಅವರ ಮಾತಿನ ತಿರುಳು. ಕಾಮತರ ತಿದ್ದುಪಡಿ ಬಿದ್ದುಹೋಯಿತು. ಈಗಿನ ಸಂವಿಧಾನದ 19ನೇ ವಿಧಿಯಲ್ಲಿ ಆಯುಧ ಎಂಬ ಪದ ಕಾಣಿಸುವುದು ಒಂದೇ ಕಡೆ. ನಾಗರಿಕರು ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರಬಹುದು ಎಂಬಲ್ಲಿ.

ಮತ ಕೆಳಗಿಳಿಯಿತು, ಕೋವಿ ಮೇಲೇರಿತು

1959ರಲ್ಲಿ ಸ್ವತಂತ್ರ ಭಾರತದ ಆಯುಧ ಕಾಯಿದೆ ಬಂತು. ಅದರ 9ನೇ ಕಲಮಿನ ಪ್ರಕಾರ 16 ವರ್ಷ ತುಂಬದವರು ಬಂದೂಕು ಹೊಂದುವಂತಿರಲಿಲ್ಲ. ಅಂದರೆ ಹೈಸ್ಕೂಲು ಮುಗಿಸಿದ ಹುಡುಗನಿಗೆ ಕಾನೂನಿನ ಬಾಗಿಲು ತೆರೆದೇ ಇತ್ತು. 1983ರ ತಿದ್ದುಪಡಿ ಈ ವಯಸ್ಸನ್ನು 21ಕ್ಕೆ ಏರಿಸಿತು. ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಬಂದೂಕು ಇರಬಾರದೆಂಬ ಮಿತಿಯೂ ಆಗಲೇ ಬಂತು. 2019ರ ತಿದ್ದುಪಡಿ ಆ ಮಿತಿಯನ್ನು ಎರಡಕ್ಕೆ ಇಳಿಸಿದ್ದಲ್ಲದೆ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೋವಿಯ ವಯಸ್ಸು 16ರಿಂದ 21ಕ್ಕೆ ಏರಿದ ಕೆಲವೇ ವರ್ಷಗಳಲ್ಲಿ, 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟರ ಯುವಕ ಸರ್ಕಾರವನ್ನು ಆರಿಸಲು ಯೋಗ್ಯ, ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಅಲ್ಲ. ಆದರೆ ಅದೇ ಯುವಕ ಸೇನೆ ಸೇರಿದರೆ ರೈಫಲ್ಲು ಹಿಡಿಯಬಹುದು. ಎನ್‌ಸಿಸಿಗೆ ಸೇರಿದ ಹೈಸ್ಕೂಲು ಮಕ್ಕಳಿಗೂ ಶಿಬಿರದಲ್ಲಿ ಗುರಿ ಹೊಡೆಯುವ ತರಬೇತಿ ಉಂಟು. ಹರಿಯಾಣದ ಮನು ಭಾಕರ್ 2018ರಲ್ಲಿ ಯೂತ್ ಒಲಿಂಪಿಕ್ಸ್‌ನ ಗಾಳಿ ಪಿಸ್ತೂಲು ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ವಯಸ್ಸು ಕೇವಲ 16. ತರಬೇತಿಯ ಬಳಕೆಗೆ ಕಾಯಿದೆಯಲ್ಲೇ ಪ್ರತ್ಯೇಕ ಅವಕಾಶವಿದೆ.

ಮೇಲ್ನೋಟಕ್ಕೆ ವಿರೋಧಾಭಾಸದಂತೆ ಕಂಡರೂ ಇದರ ಹಿಂದೆ ಒಂದು ತರ್ಕವಿದೆ. ಸೈನ್ಯ, ಎನ್‌ಸಿಸಿ, ಕ್ರೀಡಾಂಗಣಗಳಲ್ಲಿ ಕೋವಿ ಕೊಡುವವರೂ, ಲೆಕ್ಕ ಇಡುವವರೂ, ಹಿಂದಕ್ಕೆ ಪಡೆಯುವವರೂ ಬೇರೆಯವರು. ಮನೆಯ ಕಪಾಟಿನ ಕೋವಿಗೆ ಅಂತಹ ಕಾವಲಿಲ್ಲ. ಅಂಬೇಡ್ಕರ್ ಹೇಳಿದ ಹಕ್ಕು ಮತ್ತು ಕರ್ತವ್ಯದ ವ್ಯತ್ಯಾಸವೇ ಇಲ್ಲಿ ವಯಸ್ಸಿನ ಅಂಕಿಯಾಗಿ ನಿಂತಿದೆ ಎನ್ನಬಹುದು.

ಹೊರಗಿನ ಪಾಠಗಳು

1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಪ್ರಾಥಮಿಕ ಶಾಲೆಗೆ ನುಗ್ಗಿದ ವ್ಯಕ್ತಿಯೊಬ್ಬ 16 ಪುಟ್ಟ ಮಕ್ಕಳನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದ. ಅವನ ಬಳಿ ಇದ್ದ ಕೈಬಂದೂಕುಗಳೆಲ್ಲ ಪರವಾನಗಿ ಪಡೆದವೇ. ಮಕ್ಕಳ ಹೆತ್ತವರು ಮತ್ತು ನೆರೆಹೊರೆಯವರು ನಡೆಸಿದ ಸಹಿ ಸಂಗ್ರಹಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 1997ರಲ್ಲಿ ಎರಡು ಕಾಯಿದೆಗಳ ಮೂಲಕ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಖಾಸಗಿ ಕೈಬಂದೂಕುಗಳು ಬಹುತೇಕ ಪೂರ್ಣ ನಿಷೇಧಕ್ಕೊಳಗಾದವು. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಹತರಾದ ಬಳಿಕ ಆಸ್ಟ್ರೇಲಿಯಾ ಸರ್ಕಾರವೂ ಕಾನೂನು ಬಿಗಿಗೊಳಿಸಿ, 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಮರಳಿ ಪಡೆಯಿತು.

ಅಮೆರಿಕದ ಸಂವಿಧಾನದಲ್ಲಿ, ಕಾಮತರು ಕೇಳಿ ಪಡೆಯಲಾಗದ ಹಕ್ಕು 1791ರಿಂದಲೇ ಇದೆ. ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ರಾಜಧಾನಿ ವಾಷಿಂಗ್ಟನ್‌ನ ನಿಷೇಧವನ್ನು ರದ್ದುಪಡಿಸಿತು. 2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಗುಂಡಿಗೆ ಬಲಿಯಾದಾಗ ಬದುಕುಳಿದ ವಿದ್ಯಾರ್ಥಿಗಳೇ ಬೀದಿಗಿಳಿದರು. ಮತದಾನದ ವಯಸ್ಸೂ ಆಗದ ಮಕ್ಕಳು ಶಾಸಕರ ಮುಂದೆ ನಿಂತು ಪ್ರಶ್ನಿಸಿದರು. ಮೂರೇ ವಾರಗಳಲ್ಲಿ ಫ್ಲೋರಿಡಾ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಭಾರತ 1983ರಲ್ಲೇ ತಲುಪಿದ್ದ ಅಂಕಿ ಅದು.

ಆ ವರ್ಷ ಪ್ಯೂ ಸಂಶೋಧನಾ ಕೇಂದ್ರ 13ರಿಂದ 17 ವರ್ಷದ ಅಮೆರಿಕನ್ ಮಕ್ಕಳ ಅಭಿಪ್ರಾಯ ಕೇಳಿತು. ತಮ್ಮ ಶಾಲೆಯಲ್ಲೂ ಗುಂಡಿನ ದಾಳಿ ನಡೆಯಬಹುದೆಂಬ ಆತಂಕ 57 ಶೇಕಡ ಮಕ್ಕಳಲ್ಲಿತ್ತು. ಯುದ್ಧದ ಮಾದರಿಯ ಬಂದೂಕುಗಳ ನಿಷೇಧ ಫಲ ಕೊಡುತ್ತದೆ ಎಂದವರು 66 ಶೇಕಡ. ಶಿಕ್ಷಕರ ಕೈಗೆ ಬಂದೂಕು ಕೊಟ್ಟರೆ ಪ್ರಯೋಜನ ಎಂದವರು 39 ಶೇಕಡ ಮಾತ್ರ. ಬಂದೂಕಿಗೆ ಬಂದೂಕೇ ಉತ್ತರ ಎಂಬ ವಾದ ಹೆಚ್ಚಿನ ಮಕ್ಕಳಿಗೆ ಒಪ್ಪಿಗೆಯಾಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಅಡಿಕೆ ತೋಟ, ಕೈಲ್ಪೊಳ್ದ್ ಮತ್ತು ನ್ಯಾಯಾಲಯ

ಹಾಗೆಂದು ಹೊರಗಿನ ಅಳತೆಗೋಲನ್ನು ನಮ್ಮ ಜಿಲ್ಲೆಗಳಿಗೆ ನೇರ ಹಚ್ಚಲಾಗದು. ದಕ್ಷಿಣ ಕನ್ನಡದ ಕೃಷಿಕನಿಗೆ ಕೋವಿ ಎಂದರೆ ಮುಖ್ಯವಾಗಿ ಬೆಳೆ ರಕ್ಷಣೆಯ ಸಾಧನ. ಮಂಗ, ಕಾಡುಹಂದಿಗಳನ್ನು ಬೆದರಿಸಲು ಹಿರಿಯರ ಕಾಲದಿಂದ ಬಂದ ನಳಿಗೆ ಕೋವಿ ಅನೇಕ ಮನೆಗಳಲ್ಲಿದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬಂದಾಗ, ತೋಟ ಕಾಯುವವರು ಯಾರು ಎಂದು ಕೃಷಿಕರು ಗೊಣಗುತ್ತಾರೆ. ಅವರ ದೂರಿನಲ್ಲಿ ಹುರುಳಿಲ್ಲದಿಲ್ಲ. ಪರವಾನಗಿ ಇರುವ ಕೋವಿ ಎಲ್ಲಿದೆ ಎಂದು ಸರ್ಕಾರಕ್ಕೆ ಗೊತ್ತು. ಬ್ಯಾಂಕ್ ದೋಚುವವನು ಠೇವಣಿ ಇಡಲು ಠಾಣೆಗೆ ಬರುವುದಿಲ್ಲ.

ಕೊಡಗಿನಲ್ಲಿ ಕೈಲ್ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು. 1861ರ ವಿನಾಯಿತಿ ರೂಪ ಬದಲಿಸುತ್ತಾ ಇಂದಿಗೂ ಉಳಿದಿದ್ದು, 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಈ ರಿಯಾಯಿತಿ ಏಕೆ, ಇದು ಸಮಾನತೆಗೆ ವಿರುದ್ಧವಲ್ಲವೇ ಎಂದು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಪರಂಪರೆಯನ್ನೂ, ವಿನಾಯಿತಿ ಹತ್ತು ವರ್ಷಕ್ಕೆ ಸೀಮಿತವಾಗಿ ಷರತ್ತುಗಳಿಗೆ ಒಳಪಟ್ಟಿದೆ ಎಂಬುದನ್ನೂ ಗಮನಿಸಿ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ವಿದೇಶಿ ಸರ್ಕಾರ ನಿಷ್ಠೆಗೆ ಕೊಟ್ಟ ಬಹುಮಾನ ಸ್ವತಂತ್ರ ದೇಶದಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಮುಂದುವರಿದಿದೆ.

ಒಟ್ಟಿನಲ್ಲಿ ನಮ್ಮ ಕೋವಿಯ ಕಾನೂನು ಎರಡು ಜನ್ಮ ಕಂಡಿದೆ. ಮೊದಲನೆಯದು ಜನರ ಭಯದಿಂದ ಹುಟ್ಟಿತು, ಎರಡನೆಯದು ಜನರ ರಕ್ಷಣೆಗಾಗಿ. ಹಲಗಲಿಯವರು ಎದುರಿಸಿದ ಕಾನೂನನ್ನು ಅವರನ್ನು ಕೇಳಿ ಮಾಡಿರಲಿಲ್ಲ. ಇಂದಿನದನ್ನು ಬದಲಿಸಲೂ ಉಳಿಸಲೂ ಪ್ರಜೆಗಳಿಗೆ ಅಧಿಕಾರವಿದೆ. ವ್ಯತ್ಯಾಸ ಇರುವುದು ಇಲ್ಲೇ. ಆದ್ದರಿಂದ ಕಾಮತ್ ಮತ್ತು ಅಂಬೇಡ್ಕರರ ನಡುವಿನ ಆ ಸಂವಾದ ಕಾಲೇಜುಗಳ ಚರ್ಚಾಸ್ಪರ್ಧೆಗೆ ಬರಬೇಕಾದ ವಿಷಯ. ಉಳ್ಳಾಲದಲ್ಲಾಗಲಿ ಹಲಗಲಿಯಲ್ಲಾಗಲಿ ಈಗ 16 ತುಂಬಿದ ಹುಡುಗ ಹುಡುಗಿಯರಿಗೆ ಇನ್ನೆರಡು ವರ್ಷಗಳಲ್ಲಿ ಮತ ಸಿಗುತ್ತದೆ, ಕೋವಿಗೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು. ನಡುವಿನ ಆ ಮೂರು ವರ್ಷಗಳ ಅಂತರ ಸರಿಯೋ ತಪ್ಪೋ ಎಂದು ಹೇಳಲು ಅವರಿಗಿಂತ ಹತ್ತಿರದವರು ಬೇರೆ ಇಲ್ಲ.