ಬದಲಾಗುತ್ತಲೇ ಇರುವ ನಗರ ಮತ್ತು ವಿಡಿಯೋ ಕಲೆ

ಕಟ್ಟಡ ಯಾವತ್ತೂ ಪೂರ್ತಿ ಮುಗಿಯುವುದಿಲ್ಲ ಎಂಬ ನೋಟದಿಂದ ವಿಡಿಯೋ ಕಲಾವಿದರು ನಗರವನ್ನು ಗಮನಿಸುತ್ತಾರೆ. ಇದರ ಬೇರು ಸಿನಿಮಾದಲ್ಲಿದೆ. 1964ರ ಜುಲೈಯಲ್ಲಿ ಆಂಡಿ ವಾರ್ಹೋಲ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದತ್ತ ಕ್ಯಾಮೆರಾ ನೆಟ್ಟು ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಚಿತ್ರಿಸಿದರು. ಎಂಟು ಗಂಟೆಗೂ ಮಿಕ್ಕ ಆ ಚಿತ್ರದಲ್ಲಿ ಕತ್ತಲಾಗುವುದು, ದೀಪ ಹತ್ತುವುದು, ಆರುವುದು ಇಷ್ಟೇ ಘಟನೆ. ಕೂತು ನೋಡಲು ತಾಳ್ಮೆ ಬೇಕು.

ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಹಿಡಿದದ್ದು ಹಳೆಯ ರೀಲುಗಳ ದಾರಿ. ಅವರ ‘ಸ್ಟ್ರೇಟ್ 8’ (2005), ಆಂಗ್ಲೋ-ಇಂಡಿಯನ್ ಹವ್ಯಾಸಿ ಚಿತ್ರಗ್ರಾಹಕ ಟಾಮ್ ಡಿ’ಅಗ್ವಿಯರ್ 1940ರ ದಶಕದಲ್ಲಿ ತೆಗೆದ ಫಿಲ್ಮುಗಳನ್ನು ಆಧರಿಸಿದೆ. ರೀಲು ಹಳತಾದಂತೆ ಅದರ ಮೇಲೆ ಗೀರು ಬೀಳುತ್ತದೆ, ಬೂಷ್ಟು ಹತ್ತುತ್ತದೆ, ಬಣ್ಣ ಮಾಸುತ್ತದೆ. ಹೀಗಾಗಿ ಊರಿನ ಜೊತೆಗೆ ಊರಿನ ದಾಖಲೆಯೂ ಸವೆಯುವುದು ಕಾಣುತ್ತದೆ.

ಬೆಂಗಳೂರಿನ ಮೆಟ್ರೊ ಕಾಮಗಾರಿ ನಗರ ಬದಲಾಗುವ ಈ ವಿಷಯವನ್ನು ಬೀದಿಗೇ ತಂದಿತು. ಎಂ.ಜಿ. ರಸ್ತೆಯ ಬುಲೆವಾರ್ಡಿನ ಮರಗಳಿದ್ದ ಸಾಲಿನಲ್ಲಿ ಕಾಂಕ್ರೀಟ್ ಕಂಬಗಳೆದ್ದವು. 2011ರ ಅಕ್ಟೋಬರ್ 20ರಂದು ಅಲ್ಲಿಂದ ಬೈಯಪ್ಪನಹಳ್ಳಿಗೆ ರೈಲು ಸಂಚಾರ ಆರಂಭವಾಯಿತು. ಅದೇ ಹಳಿಯ ಕೆಳಗೆ 2013ರಲ್ಲಿ ರಂಗೋಲಿ ಮೆಟ್ರೊ ಕಲಾ ಕೇಂದ್ರ ತೆರೆಯಿತು. ಅದರ ಕ್ಯುರೇಟರ್ ಆಗಿ ದುಡಿದ ಸುರೇಖಾ ಸ್ವತಃ ವಿಡಿಯೋ ಕಲಾವಿದೆ. ನಗರದ ಮಹಿಳೆಯರ ಓಡಾಟ, ದುಡಿಮೆ ಅವರ ಕೃತಿಗಳ ವಸ್ತು.